ಉದ್ಘಾಟನೆಯ ಸೀಸೆ

ರಕ್ತದೊತ್ತಡದಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಮುಂಚಿತವಾಗಿ ಪತ್ತೆಹಚ್ಚುವ ಇಲಾಖೆಯಲ್ಲಿ, ಉದ್ಘಾಟನೆಯಾಗದ ಹೊರತು ಯಾವ ಹಾನಿಯನ್ನೂ ಪತ್ತೆಹಚ್ಚತಕ್ಕದ್ದಲ್ಲ ಎಂಬ ನಿಯಮವಿದೆ. ನಿಯಮ ಸರಿಯಾಗಿಯೇ ಇದೆ. ಮುಖ್ಯ ಅತಿಥಿಗಳಿಗಿಂತ ಮೊದಲು ಬೇರೆ ಯಾರದೋ ಮೂತ್ರ ಯಂತ್ರದೊಳಗೆ ಹೋದರೆ ಸಮಾರಂಭದ ಗೌರವ ಏನಾಗಬೇಕು?

ಹೀಗಾಗಿ ಸಾರ್ವಜನಿಕರ ಸೀಸೆಗಳು ಫ್ರಿಜ್ಜಿನಲ್ಲಿ ಸಾಲಾಗಿ ಕೂತು ಅತಿಥಿಗಳ ಬಿಡುವನ್ನು ಕಾಯುತ್ತಿದ್ದವು. ಹಳತಾದದ್ದನ್ನು ಚೆಲ್ಲಿ ಹೊಸದು ತರಿಸಲಾಗುತ್ತಿತ್ತು. ಅವುಗಳಲ್ಲೊಂದು ಇಲಾಖೆಯ ಮೇಲ್ವಿಚಾರಕಿಯ ಗಂಡನದು. ಅವರ ರಕ್ತದೊತ್ತಡ ಎಂದೋ ಅಟ್ಟ ಹತ್ತಿ ಕೂತಿತ್ತು. ಮಾತ್ರೆ ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಎಲ್ಲಿ ನೋವಿದೆ ತೋರಿಸು, ನುಂಗ್ತೀನಿ," ಎನ್ನುತ್ತಿದ್ದರು.

"ನೋವು ಕಾಯ್ತಾ ಕೂತ್ರೆ ಕಿಡ್ನಿ ಅರ್ಧ ಹೋಗಿರುತ್ತೆ ರೀ. ಅದು ಬಾಯಿ ಬಿಡೋ ಪೈಕಿ ಅಲ್ಲ."

"ನಿನ್ನ ಹಾಗಲ್ಲ ಅನ್ನು. ಆಯ್ತು, ಕೆಟ್ಟಿದೆ ಅಂತ ವರದಿ ಬರ್ಲಿ, ಅವತ್ತಿಂದಲೇ ಮಾತ್ರೆ. ನಿನ್ನಾಣೆ."

ಕೊನೆಗೂ ಮುಖ್ಯ ಅತಿಥಿಗಳು ಬಂದರು. ಟೇಪು ಕತ್ತರಿಸಿ, ಬೆಳ್ಳಿ ತಟ್ಟೆಯಿಂದ ಸೀಸೆ ಎತ್ತಿಕೊಂಡು, ಬ್ಯಾಂಡಿನ ಸದ್ದಿನ ನಡುವೆ ಶೌಚಾಲಯ ಪ್ರವೇಶಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಹಳ ಹೊತ್ತಾಯಿತು.

"ಸಾರ್, ನಲ್ಲಿ ಬಿಡಿಸ್ಲಾ?" ಎಂದು ಇಲಾಖೆಯ ನಿರ್ದೇಶಕರು ಬಾಗಿಲಿಗೆ ಬಾಯಿಟ್ಟು ವಿನಯದಿಂದ ಕೇಳಿದರು.

"ಊರೆಲ್ಲ ಚಪ್ಪಾಳೆ ತಟ್ತಿದ್ರೆ ಹೇಗ್ರೀ ಬರುತ್ತೆ?"

ನಿರ್ದೇಶಕರು ಬಿಳಿಚಿಕೊಂಡರು. "ಯಾವ್ದಾದ್ರೂ ಒಂದು ತಂದ್ಕೊಡಿ ಮೇಡಂ, ಮಾನ ಉಳಿಸಿ," ಎಂದು ಮೇಲ್ವಿಚಾರಕಿಯ ಕಿವಿಯಲ್ಲಿ ಉಸುರಿದರು. ಫ್ರಿಜ್ಜಿನ ತುಂಬ ಸೀಸೆಗಳಿದ್ದರೂ ಆಕೆಯ ಕೈ ನೆಟ್ಟಗೆ ಗಂಡನ ಸೀಸೆಯ ಮೇಲೇ ಹೋಯಿತು. ಪರೀಕ್ಷೆಯಾದರೆ ಸಾಕು, ಹೆಸರು ಯಾರದಾದರೇನು?

ಮೂತ್ರದಲ್ಲಿ ಪ್ರೋಟೀನು ಮೂವತ್ತು ದಾಟಬಾರದು. ಯಂತ್ರ ಮುನ್ನೂರ ಹತ್ತು ಎಂದಿತು.

"ಕಿಡ್ನಿ ಸೋರ್ತಿದೆ," ಎಂದರು ಪ್ರಯೋಗಾಲಯದ ವೈದ್ಯೆ. "ಇವತ್ತೇ ಔಷಧಿ ಶುರುಮಾಡಿದ್ರೆ ಉಳಿಸ್ಕೋಬಹುದು."

ಮೇಲ್ವಿಚಾರಕಿಯ ಎದೆ ಧಸಕ್ಕೆಂದಿತು; ಹಿಂದೆಯೇ ಹಗುರವೂ ಆಯಿತು. ಇನ್ನು ಗಂಡ ಎಲ್ಲಿ ತಪ್ಪಿಸಿಕೊಳ್ಳುತ್ತಾರೆ?

"ಮುಖ್ಯ ಅತಿಥಿಗಳ ಕಿಡ್ನಿ ಸೋರೋದಾ? ಏನ್ ಮಾತಾಡ್ತಿದ್ದೀರಿ ಡಾಕ್ಟ್ರೇ!" ಎಂದರು ನಿರ್ದೇಶಕರು. ಅತಿಥಿಗಳು ಕೆಡುವುದು ಸಾಧ್ಯವಿಲ್ಲವಾದ್ದರಿಂದ ಮಿತಿಯೇ ಕೆಟ್ಟಿರಬೇಕೆಂದು ತೀರ್ಮಾನವಾಯಿತು. ಕೂಡಲೇ ಪ್ರಕಟಣೆ ಹೊರಬಿತ್ತು:

"ಇಂದಿನಿಂದ ಮುನ್ನೂರ ಐವತ್ತರವರೆಗಿನ ಪ್ರೋಟೀನನ್ನು ಆರೋಗ್ಯವೆಂದೇ ಭಾವಿಸತಕ್ಕದ್ದು. ಸಂಬಂಧಪಟ್ಟ ಮೂತ್ರಪಿಂಡಗಳು ಸಹಕರಿಸಬೇಕಾಗಿ ಕೋರಿದೆ."

ಮೇಲ್ವಿಚಾರಕಿಗೆ ತಡೆಯಲಾಗಲಿಲ್ಲ. "ಸಾರ್, ಅದು ಅವರದ್ದಲ್ಲ. ನಮ್ಮನೆಯವರದ್ದು."

"ಬಹಳ ಸಂತೋಷ ಮೇಡಂ," ನಿರ್ದೇಶಕರು ಕೈ ಕುಲುಕಿದರು. "ಹಾಗಾದ್ರೆ ನಿಮ್ಮನೆಯವರೂ ಆರೋಗ್ಯವಾಗಿದ್ದಾರೆ."

ಉಳಿದ ಸೀಸೆಗಳೆಲ್ಲ ಹೊಸ ಮಿತಿಯಲ್ಲಿ ಸಲೀಸಾಗಿ ಪಾಸಾದವು. ತಪಾಸಣೆ ಶುರುವಾದ ದಿನವೇ ರೋಗ ನಿರ್ಮೂಲವಾದದ್ದಕ್ಕೆ ಇಲಾಖೆಗೆ ಫಲಕ ಬಂತು. ಗಂಡ ‘ಆರೋಗ್ಯ’ ಎಂದಿದ್ದ ತಮ್ಮ ವರದಿ ಓದಿ, ಮಾತ್ರೆಯ ಡಬ್ಬಿಯನ್ನು ಹೆಂಡತಿಯ ಕಡೆ ತಳ್ಳಿದರು.

"ನಾನೇನೋ ಆಣೆಗೆ ತಪ್ಪೋನಲ್ಲ ಕಣೇ. ನಿಮ್ಮ ಆಫೀಸಿನವರೇ ಬೇಡ ಅಂದಿದ್ದಾರಲ್ಲ."

ಆ ವರದಿಯ ಕೆಳಗೆ ಇದ್ದದ್ದು ಆಕೆಯದೇ ಸಹಿ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗಂಡನ ಪಾದ ಬೂಟಿನೊಳಗೆ ಹೋಗಲಿಲ್ಲ. ಇಬ್ಬರೂ ಕೂತು ಶಾಂತವಾಗಿ ಯೋಚಿಸಿದರು. ಇಲಾಖೆಯ ಪ್ರಕಾರ ಪಾದ ಊದಿರುವುದು ಸಾಧ್ಯವಿರಲಿಲ್ಲ. ಸಂಜೆ ಮೇಲ್ವಿಚಾರಕಿ ಅಂಗಡಿಗೆ ಹೋಗಿ ಎರಡು ಸೈಜು ದೊಡ್ಡ ಬೂಟು ತಂದರು.

"ಈಗ ಸರಿಹೋಯ್ತು ನೋಡು," ಎಂದರು ಗಂಡ.