ಮೊಮ್ಮಗಳ ಸ್ಕೂಲು, ನನ್ನ ಬಾಯಿ

ಮೊಮ್ಮಗಳು ಪ್ಲೇಸ್ಕೂಲಿಗೆ ಸೇರಿದಂದಿನಿಂದ ನಮ್ಮ ಡೊಂಬಿವಲಿಯ ಮನೆಯಲ್ಲಿ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇದೆ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ಸಂದರ್ಶನ

ಹಾಲು ಕುಡಿಯುವ ಮಗುವಿಗೆ ಸಂದರ್ಶನವಂತೆ! ಸ್ಟೇಷನ್ ಹತ್ತಿರ ದೋಸೆ ಹೋಟೆಲು ನಡೆಸಿದವನು ನಾನು. ಈಗ ಮಗ ನಡೆಸುತ್ತಾನೆ. ಸೊಸೆ ಬೆಳಗಾದರೆ ಲೋಕಲ್ ಹಿಡಿದು ನವಿ ಮುಂಬಯಿಯ ಆಫೀಸಿಗೆ ಓಡುತ್ತಾಳೆ. ಹಾಗಾಗಿ ಮಗು ಬೆಳೆದದ್ದು ಹೋಟೆಲಿನ ಗಲ್ಲಾದಲ್ಲಿ, ನನ್ನ ತೊಡೆಯ ಮೇಲೆ. ಮೇಜಿನ ಆಚೆ ಕುಳಿತವರೆಲ್ಲ ಗಿರಾಕಿಗಳು ಎಂದಷ್ಟೇ ಅವಳಿಗೆ ಗೊತ್ತು.

ದೊಡ್ಡ ಟೀಚರು ಮೇಜಿನ ಆಚೆಯಿಂದ ನಗುತ್ತಾ, "ವಾಟ್ ಈಸ್ ಯುವರ್ ನೇಮ್, ಬೇಟಾ?" ಎಂದರು.

ಇವಳು ಗಂಭೀರವಾಗಿ ಕೇಳಿದಳು: "ಸಾದಾ ಯಾ ಮಸಾಲಾ?"

ಟಿಫಿನ್ ಹೊತ್ತು

ಮೊದಮೊದಲು ಗೇಟಿನ ಒಳಗೆ ಅವಳು ಅಳುತ್ತಿದ್ದಳು, ಹೊರಗೆ ನಾನು. ಅವಳಿಗೆ ಚಾಕಲೇಟ್ ಕೊಟ್ಟು ಸಮಾಧಾನ ಮಾಡಿದರು. ನನಗೆ, "ನೀವು ಇಲ್ಲಿ ನಿಲ್ಲಬೇಡಿ, ಮಗು ಹಾಳಾಗುತ್ತದೆ" ಎಂದರು.

ಅಳು ನಿಂತಿತು, ದೂರು ಬಂತು. ಟಿಫಿನ್ ಹೊತ್ತಿಗೆ ಇವಳು ತಿನ್ನುವುದಿಲ್ಲ, ಬೇರೆಯವರ ಡಬ್ಬಿ ಖಾಲಿಯಾಗುವುದನ್ನೇ ಕಾಯುತ್ತಾಳೆ. ಆದ ಕೂಡಲೇ ಡಬ್ಬಿ ಎತ್ತಿ, ಕರವಸ್ತ್ರದಲ್ಲಿ ಮೇಜು ಒರೆಸಿ, "ಔರ್ ಕುಛ್?" ಎನ್ನುತ್ತಾಳೆ. ಒಬ್ಬ ಹುಡುಗ ಅರ್ಧ ತಿಂದಾಗಲೇ ಎತ್ತಿಬಿಟ್ಟಳಂತೆ. ಅವನು ಭೋರೆಂದು ಅತ್ತ. ಇವಳು ಬೆನ್ನು ಸವರಿ ಕೇಳಿದಳಂತೆ: "ಪಾರ್ಸೆಲ್ ಕರ್ನೇ ಕಾ?"

ಮನೆಯ ಕಾನೂನು

ಟೀಚರು ನಗಲಿಲ್ಲ. ಮಗ-ಸೊಸೆಯನ್ನು ಕರೆಸಿ, ಇನ್ನು ಮಗುವನ್ನು ಹೋಟೆಲಿಗೆ ಕರೆದೊಯ್ಯಬಾರದು, ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕಿವಿಗೆ ಬೀಳಬಾರದು ಎಂದರು.

ನನ್ನ ಹೆಂಡತಿ ಹೋದ ಮೇಲೆ ನನ್ನ ಜೊತೆ ಕೂತು ತುಳುವಿನಲ್ಲಿ ಹರಟುತ್ತಿದ್ದವಳು ಈ ಮಗು ಒಂದೇ. ನನಗೆ ತುಳು, ಕನ್ನಡ, ಮರಾಠಿ, ಹಿಂದಿ ಎಲ್ಲ ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ.

"ಅಪ್ಪಾ, ಅವಳಿಗೆ ಅಭ್ಯಾಸ ಆಗುವಷ್ಟು ದಿನ ನೀವು ಅವಳ ಎದುರು ಮಾತಾಡ್ಲೇಬೇಡಿ ಮಾರಾಯ್ರೆ," ಎಂದ ಮಗ. ಕೂಗಿ ಕೂಗಿಯೇ ಹೋಟೆಲು ಕಟ್ಟಿದ ಬಾಯಿ ಇದು. ಮುಚ್ಚಿದೆ. ಮಗನ ಇಂಗ್ಲಿಷಾದರೂ ಎಷ್ಟು ಹೊತ್ತಿನದು? ಸಿಟ್ಟು ಬಂದರೆ ಅವನ ಬಾಯಲ್ಲಿ ತುಳುವೇ ಬರುತ್ತದೆ. ಬೈಗುಳಕ್ಕೆ ಮಾತ್ರ ಮನೆಯಲ್ಲಿ ತುಳು ಉಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ನಾನು ತಡೆಯಲಾರದೆ, "ಬಲಾ ಮಗಾ, ವಣಸ್ ಮಲ್ಪುಗ," ಊಟ ಮಾಡೋಣ ಬಾ ಎಂದು ಮೆಲ್ಲಗೆ ಕರೆದೆ. ಅವಳು ಎರಡೂ ಕಿವಿ ಮುಚ್ಚಿಕೊಂಡು ಸೋಫಾದ ಹಿಂದೆ ಅಡಗಿದಳು.

"ಸಾರಿ ಅಜ್ಜಾ, ಸಾರಿ, ಸಾರಿ!"

ಅಜ್ಜ-ಅಜ್ಜಿಯರ ದಿನ

ಸ್ಕೂಲಿನಲ್ಲಿ ಅಜ್ಜ-ಅಜ್ಜಿಯರ ದಿನ ಬಂತು. ಬಂದ ಅಜ್ಜ-ಅಜ್ಜಿಯರು ಒಬ್ಬೊಬ್ಬರೂ ಮಕ್ಕಳಿಗೆ ಒಂದು ಕಥೆ ಹೇಳಬೇಕು, ಅದೂ ಅವರವರ ಮನೆಮಾತಿನಲ್ಲೇ. ಮನೆಯಲ್ಲಿ ಬೇಡವಾದದ್ದು ಇವರಿಗೆ ಫೋಟೋಕ್ಕೆ ಬೇಕು! ಆದರೂ ಆಸೆ ನೋಡಿ, ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿ ಎದುರು ಒಂದು ತುಳು ಕಥೆ ಅಭ್ಯಾಸ ಮಾಡಿಕೊಂಡೇ ಹೋದೆ.

ಸರದಿ ನನ್ನವರೆಗೆ ಬಂತು, ನನ್ನನ್ನು ದಾಟಿ ಮುಂದೆ ಹೋಯಿತು. ಟೀಚರು ನನ್ನ ಬಳಿ ಬಂದು, ಸುಮ್ಮನೆ ಕುಳಿತು ಚಪ್ಪಾಳೆ ತಟ್ಟಿ ಎಂದು ಕೈಸನ್ನೆ ಮಾಡಿದರು. ಆಮೇಲೆ ಪಕ್ಕದಲ್ಲಿ ಕುಳಿತಿದ್ದ, ಕಲ್ಯಾಣದಿಂದ ಬಂದಿದ್ದ ಇನ್ನೊಂದು ಮಗುವಿನ ಅಜ್ಜನಿಗೆ ಮೆಲ್ಲಗೆ ಹೇಳಿದರು: "ಪಾಪ, ಇವರಿಗೆ ಮಾತು ಬರುವುದಿಲ್ಲ. ಮೊಮ್ಮಗಳೇ ಹೇಳಿದಳು."

ನಾನು ಬಾಯಿ ತೆರೆದೆ. ಎದುರಿಗಿದ್ದ ಮೊಮ್ಮಗಳು ಹೆದರಿ ಕಿವಿಗೆ ಕೈ ಒಯ್ದಳು. ಮತ್ತೆ ಮುಚ್ಚಿಕೊಂಡೆ.

ಕಲ್ಯಾಣದ ಅಜ್ಜ ಕನಿಕರದಿಂದ ಅವಳನ್ನೇ ಕೇಳಿದರು, ನಿನ್ನ ಅಜ್ಜ ಹುಟ್ಟಿನಿಂದಲೂ ಹೀಗೆಯೇ ಎಂದು.

"ನಹೀಂ," ಎಂದಳು ಮೊಮ್ಮಗಳು. "ನನ್ನ ಸ್ಕೂಲು ಚಾಲೂ ಆಯ್ತಲ್ಲ, ಆವತ್ತಿನಿಂದ."