ಹಲ್ಲು ನೋವಿಗೆ ಚಿಪ್ಪಿನ ಎಣ್ಣೆ

ಮುದ್ದೆ ನುಂಗುವ ನಾಡಿನಲ್ಲಿ ಹಲ್ಲು ನೋವಿಗೆ ಬೆಲೆಯಿಲ್ಲ. ಹೊಟ್ಟೆ ನೋವು ಎನ್ನಿ, ಓಮಿನ ಕಷಾಯ ಬರುತ್ತದೆ. ಸೊಂಟ ಹಿಡಿದಿದೆ ಎನ್ನಿ, ಯಾರಾದರೂ ಹರಳೆಣ್ಣೆ ಬಿಸಿ ಮಾಡಿ ತರುತ್ತಾರೆ. ಹಲ್ಲು ನೋವು ಎಂದರೆ ಮಾತ್ರ ನಮ್ಮ ಮನೆಯಲ್ಲಿ ನಗುತ್ತಾರೆ. ನಾನು ಕೆನ್ನೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಾಗ ನನ್ನ ಧರ್ಮಪತ್ನಿ ಪುಟ್ಟಗಂಗಮ್ಮ ಹೇಳಿದ್ದೇನು ಗೊತ್ತೇ?

"ಅಯ್ಯೋ, ಮುದ್ದೆ ನುಂಗಾಕೆ ಹಲ್ಲು ಯಾಕ್ರೀ ಬೇಕು? ಗಂಟ್ಲು ಚೆನ್ನಾಗೈತಲ್ಲ!"

ನೀವೇ ಹೇಳಿ, ಇದು ಕಟ್ಟಿಕೊಂಡವಳು ಆಡುವ ಮಾತೇ?

ನೋವಿಗೆ ಕಾರಣ ಕೊಬ್ಬರಿ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಇಳಿಸಿ ಸುಲಿಸುತ್ತಿದ್ದೆವು. ಬೇರೆಯವರಾದರೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಒಳಗಿನ ಗಿಟುಕು ಲೊಡಲೊಡ ಎಂದರೆ ಕೊಬ್ಬರಿ ಆಗಿದೆ ಎಂದು ತೃಪ್ತಿಪಡುತ್ತಾರೆ. ನಮ್ಮದು ಹಾಗಲ್ಲ. ನಮ್ಮಪ್ಪನ ಕಾಲದಿಂದಲೂ ನಮ್ಮದು ಕಚ್ಚಿ ನೋಡುವ ವಂಶ. ಒಂದು ಗಿಟುಕು ತೆಗೆದು ಮೇಲಿನ ಸಾಲಿನ ಕೋರೆಹಲ್ಲಿನ ಪಕ್ಕಕ್ಕೆ ಕೊಟ್ಟು ಕಚ್ಚಿದೆ. ಕಟ್ ಎಂದಿತು. ಭಲೇ ಕೊಬ್ಬರಿ ಎಂದುಕೊಂಡು ಕೈಯಲ್ಲಿ ನೋಡಿದರೆ ಕೊಬ್ಬರಿ ಇದ್ದ ಹಾಗೇ ಇತ್ತು.

ಇದೂ ಬೇರೆ ಸಮಯದಲ್ಲಾಗಿದ್ದರೆ ಸಹಿಸುತ್ತಿದ್ದೆನೇನೋ. ಬರುವ ಭಾನುವಾರ ಹಾಲ್ಕುರಿಕೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮ ಮಗಳು ಮಂಜುಶ್ರೀ ಮತ್ತು ಹುಡುಗ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಹಿರಿಯರು ಕೂತು ಮಾತು ಮುಗಿಸುವುದೊಂದೇ ಬಾಕಿ. ಇದಕ್ಕೆ ಮೊದಲು ಬಂದ ಸಂಬಂಧ ಮಾತಿನಲ್ಲೇ ಮುರಿದಿತ್ತು. (ನನ್ನ ಬಾಯಿಂದ ಮುರಿಯಿತು ಎಂದು ಪುಟ್ಟಗಂಗಮ್ಮ ಊರೆಲ್ಲ ಸಾರಿದ್ದಾಳೆ. ಗಂಡಿನ ಅಪ್ಪ ತಮ್ಮ ತೋಟದ ಕಾಯಿ ಹೊಗಳಿಕೊಂಡರು, ಅವು ಲಿಂಬೆಹಣ್ಣಿನ ಗಾತ್ರ ಇವೆ ಎಂದೆ. ಇರುವುದನ್ನು ಹೇಳಿದರೆ ತಪ್ಪೇ?) ಹೀಗಾಗಿ ಈ ಸಂಬಂಧ ಹೇಗಾದರೂ ಕೂಡಲೇಬೇಕಿತ್ತು.

"ಭಾನ್ವಾರದೊಳ್ಗೆ ಆ ಕೆನ್ನೆ ಇಳ್ದಿರ್ಬೇಕು ನೋಡ್ರಿ," ಎಂದಳು ಪುಟ್ಟಗಂಗಮ್ಮ. ಆಮೇಲೆ ಸ್ವಲ್ಪ ಯೋಚಿಸಿ, "ಬಾಯಿ ಮಾತ್ರ ಹಂಗೇ ಊದ್ಕೊಂಡಿದ್ರೂ ಪರ್ವಾಗಿಲ್ಲ," ಎಂದು ಸೇರಿಸಿದಳು.

ಮಂಗಳವಾರ ದಬ್ಬೇಘಟ್ಟದಿಂದ ಬಸ್ಸು ಹತ್ತಿ ತುರುವೇಕೆರೆಗೆ ಹೋದೆ. ರಸ್ತೆಯ ಗುಂಡಿ ಒಂದೊಂದೂ ನನ್ನ ಹಲ್ಲನ್ನು ಹೆಸರು ಹಿಡಿದು ಮಾತಾಡಿಸಿತು. ಹಲ್ಲಿನ ಡಾಕ್ಟರ ಶಾಪಿನ ಬಾಗಿಲು ಅರ್ಧ ಹಾಕಿತ್ತು. ಒಳಗೆ ಕಾಂಪೌಂಡರ್ ಕರಿಯಪ್ಪ ಪೇಪರ್ ಓದುತ್ತಾ ಕೂತಿದ್ದ.

"ಡಾಕ್ಟ್ರು ಇಲ್ಲ ಕಣ್ರೀ. ಅವರ್ಗೇ ಹಲ್ಲು ನೋವು. ತೋರ್ಸ್ಕೊಳಾಕೆ ಬೆಂಗ್ಳೂರಿಗೆ ಹೋಗವ್ರೆ."

"ಹಲ್ಲಿನ ಡಾಕ್ಟ್ರಿಗೇ ಹಲ್ಲು ನೋವಾ?"

"ಯಾಕ್ರೀ, ಅವರ ಬಾಯಲ್ಲೇನು ಹಲ್ಲಿಲ್ವಾ? ಸೋಮವಾರ ಬನ್ನಿ. ಅಲ್ಲೀಗಂಟ ಉಪ್ಪುನೀರು ಮುಕ್ಕಳಿಸ್ತಿರಿ, ಲವಂಗ ಇಟ್ಕಳಿ, ಮನೇಲೇ ನೋಡ್ಕಳಿ."

ಮನೇಲೇ ನೋಡ್ಕಳಿ! ಎಷ್ಟು ಸಲೀಸಾಗಿ ಹೇಳಿಬಿಟ್ಟ. ಹಾಗಾದರೆ ಡಾಕ್ಟರೂ ಮನೆಯಲ್ಲೇ ನೋಡಿಕೊಳ್ಳಬಹುದಿತ್ತಲ್ಲ, ಬೆಂಗಳೂರಿಗೆ ಯಾಕೆ ಹೋದರು? ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದವನಿಗೆ ಈ ಪ್ರಶ್ನೆ ಕೇಳಿದೆ. ಅವನು ಎದ್ದು ಬೇರೆ ಸೀಟಿಗೆ ಹೋದ.

ಅಂದಿನಿಂದ ನನ್ನ ಬಾಯಿ ಊರೊಟ್ಟಿನ ಆಸ್ತಿಯಾಯಿತು. ಬೆಳಿಗ್ಗೆ ಬೇವಿನ ಕಡ್ಡಿ, ಆಮೇಲೆ ಉಪ್ಪುನೀರು, ಮಧ್ಯಾಹ್ನ ಸೀಬೆ ಎಲೆ ಕುದಿಸಿದ ನೀರು, ಸಂಜೆ ಲವಂಗ. ಲವಂಗ ಇಟ್ಟುಕೊಂಡಾಗ ಮಾತಾಡಬಾರದು ಎನ್ನುವ ಪಥ್ಯವೊಂದನ್ನು ಪುಟ್ಟಗಂಗಮ್ಮ ತಾನಾಗಿ ಸೇರಿಸಿದಳು. ಇದು ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ ಎಂದು ವಾದಿಸೋಣವೆಂದರೆ ಬಾಯಲ್ಲಿ ಲವಂಗ. ಅವಳು ಆ ಸಂಜೆಗಳನ್ನು ಬಹಳ ನೆಮ್ಮದಿಯಿಂದ ಕಳೆದಳು.

ಹಲ್ಲಿನ ಮಾತು ಬಂದಮೇಲೆ ನಮ್ಮ ಮನೆಯಲ್ಲೇ ಇರುವ ನಮ್ಮತ್ತೆ ಬೋರಮ್ಮನವರ ವಿಷಯ ಹೇಳಲೇಬೇಕು. ಅವರ ಬಾಯಲ್ಲಿ ಹುಟ್ಟಿದ ಹಲ್ಲು ಒಂದೂ ಇಲ್ಲ. ಯುಗಾದಿ ಕಳೆದ ಮೇಲೆ ಇದೇ ತುರುವೇಕೆರೆ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿ ಮೇಲಿನದು ಕೆಳಗಿನದು ಎರಡೂ ಸೆಟ್ಟು ಕಟ್ಟಿಸಿಕೊಟ್ಟಿದ್ದೆ. ಅತ್ತೆ ಆ ಸೆಟ್ಟನ್ನು ಊಟಕ್ಕೆ ಹಾಕಿಕೊಳ್ಳುತ್ತಿರಲಿಲ್ಲ. ಅಗಿದರೆ ಸವೆದುಹೋಗುತ್ತದಂತೆ! ಒಸಡಿನಲ್ಲೇ ಚಕ್ಕುಲಿ ಮುರಿಯುವ ಗಟ್ಟಿಗಿತ್ತಿ ಆಕೆ. ಹಲ್ಲು ಏನಿದ್ದರೂ ಮದುವೆ, ನಾಮಕರಣ, ನೆಂಟರು ಬಂದಾಗ ಮಾತ್ರ, ರೇಷ್ಮೆ ಸೀರೆಯ ಜೊತೆಗೆ. ನೀರು ತುಂಬಿದ ಡಬ್ಬಿಯಲ್ಲಿ ಇಡಿ ಎಂದು ಡಾಕ್ಟರು ಹೇಳಿದ್ದರು, ಡಬ್ಬಿಯನ್ನೂ ನಾನೇ ತಂದುಕೊಟ್ಟಿದ್ದೆ.

"ನೀರಲ್ಲಿಟ್ರೆ ಅವರೆಕಾಳು ಮೆತ್ತಗಾಗಾಕಿಲ್ವಾ ಅಳಿಮಯ್ಯ? ಹಂಗೇ ಇವೂನೂವೆ," ಎಂದು ಆ ಡಬ್ಬಿಯನ್ನು ಏಲಕ್ಕಿ ಹಾಕಿಡಲು ಮಗಳಿಗೆ ಕೊಟ್ಟುಬಿಟ್ಟರು. ಆಮೇಲೆ ಹಲ್ಲನ್ನು ಎಲ್ಲಿಡುತ್ತಿದ್ದರೋ ನಾನು ವಿಚಾರಿಸಲಿಲ್ಲ. ಅತ್ತೆಯ ಹಲ್ಲನ್ನು ಅಳಿಯ ಹುಡುಕಿಕೊಂಡು ತಿರುಗುವುದು ಮರ್ಯಾದೆಯೂ ಅಲ್ಲ.

ಗುರುವಾರದ ಹೊತ್ತಿಗೆ ನನ್ನ ಕೆನ್ನೆ ಇನ್ನೂ ಊದಿ ಬೇಕರಿ ಬನ್ನಿನಂತಾಯಿತು. ಪಕ್ಕದ ಮನೆಯ ಹುಚ್ಚರಂಗಯ್ಯ ಹಾಲು ಕೊಡಲು ಬಂದವನು ನನ್ನ ಮುಖ ನೋಡಿ ಪಾತ್ರೆ ಕೆಳಗಿಟ್ಟ.

"ಇದೇನಪ್ಪ ಇದು, ಎಲೆ ಅಡಿಕೆ ಉಗುಳ್ದೆ ಹಂಗೇ ಮಡಿಕ್ಕೊಂಡಿದ್ದೀಯ?"

"ಹಲ್ಲು ನೋವು ರಂಗಣ್ಣ," ಎಂದೆ ಸಿಟ್ಟಿನಿಂದ.

"ಅಯ್ಯೋ ಪೆದ್ದೇ! ತೆಂಗಿನ ತೋಟ ಇಟ್ಕೊಂಡು ಲವಂಗ ಇಟ್ಕೊಂಡವ್ನಂತೆ! ಚಿಪ್ಪಿನ ಎಣ್ಣೆ ಇಳ್ಸು. ಹತ್ತಿಲಿ ಅದ್ದಿ ಇಟ್ರೆ ನೋವು ಹೇಳ್ದೆ ಕೇಳ್ದೆ ಓಡೋಯ್ತದೆ."

ನನಗೆ ಜ್ಞಾನೋದಯವಾಯಿತು. ಕಲ್ಪವೃಕ್ಷದ ಬುಡದಲ್ಲಿ ಕೂತವನು ತುರುವೇಕೆರೆ ಬಸ್ಸಿಗೆ ಕಾದಿದ್ದೆನಲ್ಲ! ಆಗಲೇ ಹುಚ್ಚರಂಗಯ್ಯನ ನೇತೃತ್ವದಲ್ಲಿ ಹಿತ್ತಲಿನಲ್ಲಿ ಕಾರ್ಖಾನೆ ಆರಂಭವಾಯಿತು. ಹಳೇ ಮಡಕೆಯೊಂದರ ತಳಕ್ಕೆ ತೂತು ಹೊಡೆದು, ನೆಲದಲ್ಲಿ ಗುಳಿ ತೋಡಿ ಬಟ್ಟಲು ಇಟ್ಟು, ಅದರ ಮೇಲೆ ಮಡಕೆ ಕೂರಿಸಿದೆವು. ಮಡಕೆಗೆ ತೆಂಗಿನ ಚಿಪ್ಪು ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಸುತ್ತ ಬೆರಣಿ ಜೋಡಿಸಿ ಬೆಂಕಿ ಕೊಟ್ಟರೆ ಒಳಗಿನ ಚಿಪ್ಪು ಬೆಂದು ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ.

"ಚಿಪ್ಪು ಹಳೇದಿರ್ಬೇಕು ಕಣಪ್ಪ. ಚೆನ್ನಾಗಿ ಒಣಗಿರ್ಬೇಕು," ಎಂದ ಹುಚ್ಚರಂಗಯ್ಯ.

ಬಚ್ಚಲಿನ ಹಂಡೆ ಒಲೆಯ ಹತ್ತಿರ ಹೋದೆ. ಕೆಳಗೆ ರಾಶಿ ಬಿದ್ದಿದ್ದ ಚಿಪ್ಪುಗಳು ಅಷ್ಟೇನೂ ಒಣಗಿರಲಿಲ್ಲ. ಒಲೆಯ ಮೇಲಿನ ಗೂಡಿನಲ್ಲಿ ಎರಡು ಹೋಳು ಚಿಪ್ಪನ್ನು ಬಾಯಿಗೆ ಬಾಯಿ ಕೂಡಿಸಿ, ನಾರಿನ ಹುರಿ ಸುತ್ತಿ ಯಾರೋ ಕಟ್ಟಿಟ್ಟಿದ್ದರು. ಹೊಗೆ ಕುಡಿದು ಕುಡಿದು ಕರ‍್ರಗೆ ಮಿರಮಿರ ಮಿಂಚುತ್ತಿತ್ತು. ಮನೆಯಲ್ಲಿ ಯಾರಿಗೋ ನನ್ನ ನೋವಿನ ಮೇಲೆ ಕನಿಕರ ಹುಟ್ಟಿ ಒಳ್ಳೆಯ ಚಿಪ್ಪನ್ನು ಆರಿಸಿ ಇಟ್ಟಿದ್ದಾರೆ ಎಂದು ನನಗೆ ಕಣ್ಣಲ್ಲಿ ನೀರೇ ಬಂತು. ಕೆಳಗಿನ ಚಿಪ್ಪನ್ನೂ ಮಡಕೆಗೆ ತುಂಬಿ, ಇದನ್ನು ಕಟ್ಟು ಬಿಚ್ಚದೆ ಹಾಗೇ ನಟ್ಟನಡುವೆ ಇಟ್ಟೆ.

ಬೆಂಕಿ ಹತ್ತಿದ ಸ್ವಲ್ಪ ಹೊತ್ತಿಗೆ ಎಂಥದೋ ವಾಸನೆ ಬಂತು. ನಾಯಿ ಎದ್ದು ಬೀದಿಗೆ ಹೋಯಿತು.

"ಇದ್ಯಾಕೆ ರಂಗಣ್ಣ ಹಿಂಗೆ ವಾಸ್ನೆ?"

"ಹಳೇ ಚಿಪ್ಪು ಕಣಪ್ಪ, ಅದ್ಕೇ ಗಾಟು. ಗಾಟಿದ್ದಷ್ಟೂ ಗುಣ ಜಾಸ್ತಿ."

ಎಣ್ಣೆ ಇಳಿಯಿತು. ಹತ್ತಿಯಲ್ಲಿ ಅದ್ದಿ ಹಲ್ಲಿನ ಸಂದಿಗೆ ಇಟ್ಟೆ. ಮೊದಲು ತಲೆಯವರೆಗೂ ಉರಿ ಹತ್ತಿ, ಸತ್ತವರೆಲ್ಲ ನೆನಪಾದರು. ಆಮೇಲೆ ಹಲ್ಲೂ ಇಲ್ಲ, ಕೆನ್ನೆಯೂ ಇಲ್ಲ, ಏನೂ ಇಲ್ಲ ಎನ್ನುವಂತಾಯಿತು. ಶುಕ್ರವಾರ ನೋವು ಕಾಣಲಿಲ್ಲ. ಶನಿವಾರ ಕೆನ್ನೆಯೂ ಇಳಿಯಿತು. ಎಣ್ಣೆಯನ್ನು ಹಳೇ ಟಾನಿಕ್ ಸೀಸೆಗೆ ತುಂಬಿ ದೇವರ ಗೂಡಿನ ಪಕ್ಕದಲ್ಲಿಟ್ಟೆ. ಪುಟ್ಟಗಂಗಮ್ಮನಿಗೆ ಎದೆಯುಬ್ಬಿಸಿ ಹೇಳಿದೆ: "ನೋಡಿದ್ಯೇನೇ? ನಿಮ್ಮ ಲವಂಗ ಮಾಡ್ದಿದ್ದನ್ನ ನಮ್ಮ ಚಿಪ್ಪು ಮಾಡ್ತು!"

"ಆಯ್ತು ಬುಡಿ, ನಾಳೆ ಜಾಸ್ತಿ ಮಾತಾಡ್ಬ್ಯಾಡಿ," ಎಂದಳು. ಹೊಗಳುವ ಗುಣ ಅವರ ವಂಶದಲ್ಲೇ ಇಲ್ಲ.

ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ರಂಗಪ್ಪನವರು ಗಂಭೀರ ಮನುಷ್ಯ. ಕಾಫಿ ಲೋಟ ಬಾಯಿಗಿಟ್ಟವರು "ಸ್ಸ್" ಎಂದು ಕೆನ್ನೆ ಹಿಡಿದುಕೊಂಡರು.

"ಹಲ್ಲೇನ್ರೀ?" ಎಂದೆ. ನನ್ನ ದನಿಯಲ್ಲಿ ಸಂತೋಷ ಸ್ವಲ್ಪ ಹೆಚ್ಚಾಗಿಯೇ ಇತ್ತು.

"ಹೂಂ ಕಣ್ರೀ. ತಿಂಗ್ಳಾಯ್ತು. ಡಾಕ್ಟ್ರ ಹತ್ರ ಹೋಗಾನ ಹೋಗಾನ ಅಂತ ಹಂಗೇ ಮುಂದಕ್ಕೆ ಹೋಯ್ತಾ ಐತೆ."

ಮುಂದಿನದನ್ನು ಊಹಿಸಿರುತ್ತೀರಿ. ಸೀಸೆ ತಂದೆ. ಚಿಪ್ಪಿನ ಎಣ್ಣೆಯ ಮಹಿಮೆಯನ್ನು ಹರಿಕಥೆಯಂತೆ ಬಣ್ಣಿಸಿದೆ. ನಮ್ಮ ಕಡೆಯಿಂದ ಮಾತಿಗೆ ಕೂರಲು ಬಂದಿದ್ದ ಹುಚ್ಚರಂಗಯ್ಯ ತಾಳ ಹಾಕಿದ. ಪುಟ್ಟಗಂಗಮ್ಮ ಬಾಗಿಲ ಹಿಂದಿನಿಂದ ಕಣ್ಣು ಬಿಡುತ್ತಿದ್ದಳು, ನಾನು ಆ ಕಡೆ ನೋಡಲಿಲ್ಲ. ನನ್ನ ಕೈಯಾರೆ ಹತ್ತಿ ಅದ್ದಿ ಭಾವೀ ಬೀಗರಿಗೆ ಕೊಟ್ಟೆ. ಅವರು ಹಲ್ಲಿಗೆ ಇಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಗುಣ ಐತೆ," ಎಂದರು. ಅವರ ಹೆಂಡತಿ ನನ್ನ ಕಡೆ ಗೌರವದಿಂದ ನೋಡಿದರು. ಮಾತು ಅರ್ಧ ಮುಗಿದಂತೆಯೇ ಎಂದುಕೊಂಡೆ.

ಅಷ್ಟರಲ್ಲಿ ಬಚ್ಚಲ ಕಡೆಯಿಂದ ಅತ್ತೆಯ ದನಿ.

"ಗಂಗಾ! ನನ್ನ ಹಲ್ಲೆಲ್ಲೇ?"

"ನಂಗೇನ್ ಗೊತ್ತವ್ವ? ಎಲ್ಲಿಟ್ಟಿದ್ದೆ?"

"ಇಲ್ಲೇ ಗೂಡಲ್ಲಿ, ಬೆಚ್ಚಗಿರ್ಲಿ ಅಂತ, ಬಟ್ಟೆ ಸುತ್ತಿ ಚಿಪ್ಪಿನೊಳ್ಗೆ ಹುರಿ ಕಟ್ಟಿ ಮಡಗಿದ್ನಲ್ಲೇ! ಯಾವನೋ ಚಿಪ್ಪೇ ಎತ್ಕೊಂಡೋಗವ್ನೆ!"

ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸಿತು. ನನ್ನ ಕೈಯಲ್ಲಿದ್ದ ಸೀಸೆ ಭಾರವಾಯಿತು. ಹುಚ್ಚರಂಗಯ್ಯ ನನ್ನನ್ನು ನೋಡಿದ, ಸೀಸೆಯನ್ನು ನೋಡಿದ, "ಅಂಗಾದ್ರೆ... ಆ ಗಾಟು..." ಎಂದು ಎದ್ದುನಿಂತ. (ಬಾಯಿ ಮುಚ್ಚಿಕೊಂಡು ಇರಬೇಕಾದಾಗ ತೆರೆಯುವವರು ಊರಲ್ಲಿ ನಾನೊಬ್ಬನೇ ಅಲ್ಲ.)

ಅತ್ತೆ ರೇಷ್ಮೆ ಸೀರೆಯುಟ್ಟು, ಬೊಚ್ಚುಬಾಯಿ ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. "ಅಳಿಮಯ್ಯ, ಗುರುವಾರ ಚಿಪ್ಪು ತಗಂಡವ್ರು ನೀವೇ ಅಲ್ವರಾ?"

ರಂಗಪ್ಪನವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ಮೆಲ್ಲಗೆ ಕೇಳಿದರು: "ಅಂದ್ರೆ ಈಗ ನನ್ನ ಬಾಯಲ್ಲಿರೋದು..."

ಅವರು ಎದ್ದು ಹಿತ್ತಲಿಗೆ ಓಡಿದರು. ಮಂಜುಶ್ರೀ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಸಂಬಂಧವೂ ಹೋಯಿತು, ಇದೂ ಬಾಯಿಂದಲೇ ಹೋಯಿತು ಎಂದು ತಲೆ ತಗ್ಗಿಸಿದೆ. ಆಗ ಹುಡುಗನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

"ನಂಟಸ್ತನ ಇನ್ನೂ ಕೂಡೇ ಇಲ್ಲ, ಆಗ್ಲೇ ಇವರಜ್ಜಿ ಹಲ್ಲು ಬಾಯಿಗ್ ಹಾಕ್ಕೊಂಡ್ರಲ್ಲ ನಮ್ಮೆಜಮಾನ್ರು! ಇನ್ನು ಇಲ್ಲ ಅನ್ನಾಕಾಯ್ತದಾ? ಈ ಮನೆ ಹುಡ್ಗೀನೇ ಆಗ್ಲಿ ಬುಡಿ."

ಎಲ್ಲರೂ ನಕ್ಕರು. ಮುಕ್ಕಳಿಸಿಕೊಂಡು ಬಂದ ರಂಗಪ್ಪನವರೂ ನಕ್ಕರು. ಸಂಬಂಧ ಕೂಡಿಸಿದವನು ನಾನು, ಸ್ವಾಮಿ! ಆದರೆ ಒಬ್ಬರಾದರೂ ಆ ಮಾತು ಹೇಳಲಿಲ್ಲ. "ಅತ್ತೆ ಹಲ್ಲು ಸುಟ್ಟೋನು" ಎಂಬ ಬಿರುದು ಮಾತ್ರ ಸಂಜೆಯೊಳಗೆ ದಬ್ಬೇಘಟ್ಟ ದಾಟಿ ಹೋಯಿತು.

ಸೋಮವಾರ ತುರುವೇಕೆರೆಗೆ ಹೋದರೆ, ನನ್ನ ಸರದಿಯಲ್ಲಿ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಹೊಸ ಸೆಟ್ಟಿಗೆ ಅಳತೆ ತೆಗೆಸಿದಳು ಪುಟ್ಟಗಂಗಮ್ಮ. ಕೊನೆಗೆ ನನ್ನ ಬಾಯಿ ನೋಡಿದ ಡಾಕ್ಟರು ಹೌಹಾರಿದರು. "ಏನ್ರೀ ಹಚ್ಚಿದ್ರಿ? ನೋವು ವಾಸಿಯಾಗಿದ್ದಲ್ಲ ಇದು, ಒಸಡು ಸುಟ್ಟು ಮರಗಟ್ಟಿದೆ. ಹಲ್ಲು ಉಳಿಯಲ್ಲ," ಎಂದು ಕಿತ್ತೇಬಿಟ್ಟರು. ಮದುವೆ ವಿಡಿಯೋದಲ್ಲಿ ಕಿಂಡಿ ಕಾಣುತ್ತದೆಂದು ಪುಟ್ಟಗಂಗಮ್ಮ ಹಟ ಹಿಡಿದು, ಹಾಕಿ ತೆಗೆಯುವ ಒಂಟಿ ಹಲ್ಲೊಂದನ್ನು ನನಗೂ ಕಟ್ಟಿಸಿದಳು. ಇಬ್ಬರಿಗೂ ಒಂದೊಂದು ಡಬ್ಬಿ ತಂದೆ. ಒಂದರಲ್ಲಿ ಅತ್ತೆಯ ಹಲ್ಲು ನೀರಿನಲ್ಲಿ ನೆಮ್ಮದಿಯಾಗಿ ಕೂತಿತು. ನನ್ನ ಡಬ್ಬಿ ಲವಂಗಕ್ಕೆ ಹೋಯಿತು.

"ನನ್ನ ಹಲ್ಲೆಲ್ಲೇ?" ಎಂದು ಕೂಗಾಡಿದೆ.

"ಬೆಚ್ಚಗೆ ಇಟ್ಟಿದೀನಿ ಸುಮ್ಕಿರಿ," ಎಂದಳು.

ಮದುವೆಯ ಬೆಳಿಗ್ಗೆ ಬಚ್ಚಲಿನಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಗೋಡೆಯಾಚೆ ಹಂಡೆ ಒಲೆಯ ಮುಂದೆ ಅತ್ತೆ ಕೂತಿದ್ದರು.

"ಅಳಿಮಯ್ಯ, ಉರಿ ಆರ್ತಾ ಐತೆ. ಇಲ್ಲಿ ಗೂಡಲ್ಲಿ ಹುರಿ ಕಟ್ಟಿರೋದೊಂದು ಒಳ್ಳೆ ಚಿಪ್ಪೈತೆ. ಒಲೆಗೆ ಹಾಕ್ಲಾ?"

ಟವಲು ಸುತ್ತಿಕೊಂಡು, ಸೋಪಿನ ಮೈಯಲ್ಲೇ ಓಡಿದೆ. ಮದುವೆಗೆ ಬಂದಿದ್ದ ನೆಂಟರೆಲ್ಲ ಹಿತ್ತಲಿನಲ್ಲಿ ನಿಂತು ನೋಡುತ್ತಿದ್ದರು. ಅತ್ತೆ ಆ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಸೆಟ್ಟಿನ ಅಷ್ಟೂ ಹಲ್ಲು ಬಿಟ್ಟು ನಗುತ್ತಿದ್ದರು.