ಕೆಂಪು ಬಂಡೆ ಮತ್ತು ಎರಡು ಊರಿನ ರಾಹುಕಾಲ

ನಮ್ಮ ಮನೆಯಲ್ಲಿ ಹಾಕಿದ ಪ್ಲಾನು ಹಾಕಿದ ಹಾಗೇ ನಡೆದದ್ದು ನನಗಂತೂ ನೆನಪಿಲ್ಲ. ಈ ಪರದೇಶದಲ್ಲಿ, ಎಂಬಕಸಿಯ ಫ್ಯಾಕ್ಟರಿಯಲ್ಲಿ ಇನ್ನೂರು ಜನರನ್ನು ಶಿಫ್ಟಿಗೆ ಸರಿಯಾಗಿ ನಿಲ್ಲಿಸುವ ನನಗೆ, ಸೌತ್ ಸಿ ಬಡಾವಣೆಯ ನಮ್ಮ ಮನೆಯ ಹೆಂಡತಿ, ಮಗಳು, ಮಾವ ಈ ಮೂವರನ್ನು ಹೊತ್ತಿಗೆ ಸರಿಯಾಗಿ ವ್ಯಾನು ಹತ್ತಿಸಲು ಬರುವುದಿಲ್ಲ.

ನೈವಾಶಾ ಸರೋವರದ ಆಚೆ, ಧೂಳು ಹಾರುವ ಬಯಲಿನಲ್ಲಿ, ಕೆಂಪು ಬಂಡೆಗಳ ನಡುವೆ ಒಂದು ಕೊರಕಲಿದೆ. ಅದರೊಳಗೆ ಒಮ್ಮೆ ನಡೆಯಬೇಕೆಂದು ನನಗೆ ಎಂಟು ವರ್ಷದಿಂದ ಆಸೆ. ಮೈಸೂರಿನಿಂದ ಮಾವ ಬಂದಿದ್ದೇ ನೆಪವಾಗಿ, ಒಂದು ಭಾನುವಾರಕ್ಕೆ ಗೈಡನ್ನು ಗೊತ್ತು ಮಾಡಿದೆ. ವ್ಯಾನು ಓಡಿಸುವವನೂ ಅವನೇ. ಮಧ್ಯಾಹ್ನ ಮೂರರ ಮೇಲೆ ಕೊರಕಲಿಗೆ ಯಾರನ್ನೂ ಬಿಡುವುದಿಲ್ಲ ಎಂದು ಅವನು ಮೊದಲೇ ಎಚ್ಚರಿಸಿದ್ದ. ನಾನದನ್ನು ಮನೆಯಲ್ಲಿ ನಾಲ್ಕು ಸಲ ಹೇಳಿದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳಿಸಿಕೊಳ್ಳುತ್ತಿತ್ತು.

೧. ಸಾಮಾನು

ಬೆಳಿಗ್ಗೆ ಏಳಕ್ಕೆ ವ್ಯಾನು ಬಂದಾಗ ನನ್ನ ಹೆಂಡತಿ ಪುಳಿಯೋಗರೆ ಕಲಸುತ್ತಿದ್ದಳು. ಊಟ ಪ್ಯಾಕೇಜಿನಲ್ಲೇ ಇದೆ ಎಂದೆ. ಅವರ ಊಟ ಅವರಿಗೆ ಎಂದಳು. ಒಂಬತ್ತಕ್ಕೆ ಎರಡು ಡಬರಿ, ಮೊಸರನ್ನದ ಕ್ಯಾರಿಯರ್, ಚಕ್ಕುಲಿ ಡಬ್ಬ, ಚಾಪೆ, ದಿಂಬು, ಮಾವನ ಮಡಚುವ ಕುರ್ಚಿ ಎಲ್ಲ ಒಳಗೆ ಹೋದವು. ಗೈಡ್ ನನ್ನನ್ನು ಪಕ್ಕಕ್ಕೆ ಕರೆದು, ಮನೆ ಖಾಲಿ ಮಾಡುವುದಾದರೆ ಲಾರಿ ತರುತ್ತಿದ್ದೆ ಎಂದ.

೨. ಬಾದಾಮಿ

ಮಾವನ ಕೈಗಡಿಯಾರ ಇನ್ನೂ ಮೈಸೂರಿನಲ್ಲೇ ಇತ್ತು, ಅಂದರೆ ನಮಗಿಂತ ಎರಡೂವರೆ ಗಂಟೆ ಮುಂದೆ. ಒಂದು ತಿಂಗಳ ಮಟ್ಟಿಗೆ ಮುಳ್ಳು ಯಾಕೆ ತಿರುಗಿಸಬೇಕು ಎಂಬುದು ಅವರ ವಾದ. ಗೈಡ್ ಪಾಪ ಕಣಿವೆ ಹುಟ್ಟಿದ್ದು, ಬೆಂಕಿಬೆಟ್ಟ ಸಿಡಿದದ್ದು, ಬಂಡೆ ಕೆಂಪಾದದ್ದು ಎಲ್ಲ ವಿವರಿಸಿದ. ಪ್ರತಿ ಬಂಡೆಗೂ ಮಾವ, ಇಂಥದ್ದು ನಮ್ಮ ಬಾದಾಮಿಯಲ್ಲಿದೆ, ಇದಕ್ಕಿಂತ ಕೆಂಪಗಿದೆ ಎಂದರು. ಏಳನೆಯ ಬಂಡೆಗೆ ಗೈಡ್ ಸೋತು, ಹಾಗಾದರೆ ಇಲ್ಲಿಗೆ ಏನು ನೋಡಲು ಬಂದಿರಿ ಎಂದು ಕೇಳಿದ.

"ಮಗಳನ್ನ," ಎಂದರು ಮಾವ.

೩. ಮೊಸರನ್ನ

ಬಂಡೆಯ ನೆರಳಿನಲ್ಲಿ ಚಾಪೆ ಹಾಸಿ ಊಟಕ್ಕೆ ಕೂತೆವು. ಬೇಗ ಬೇಗ ಎನ್ನುತ್ತಿದ್ದ ಗೈಡಿಗೂ ನನ್ನ ಹೆಂಡತಿ ಒಂದು ತಟ್ಟೆ ಕೊಟ್ಟಳು. ಪುಳಿಯೋಗರೆ ಎರಡು ಸಲ, ಮೊಸರನ್ನ ಮೂರು ಸಲ ಹಾಕಿಸಿಕೊಂಡ. ನಾನು ಕೈ ತೊಳೆದು ಬಂದು ನೋಡಿದರೆ ನಮ್ಮ ದಿಂಬಿನ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ. ಗಂಟೆ ಒಂದು. ಎಬ್ಬಿಸಲು ಹೋದ ನನ್ನ ಕೈಯನ್ನು ಮಾವ ಹಿಡಿದುಕೊಂಡರು.

"ಮಲಗಲಿ ಬಿಡಿ ಅಳಿಯಂದ್ರೇ, ಮೊಸರನ್ನ ತಿಂದಿದ್ದಾನೆ."

೪. ರಾಹುಕಾಲ

ಕೊರಕಲಿನ ಬಾಯಿಗೆ ಬಂದಾಗ ಎರಡೂ ಹತ್ತು. ಅಂತೂ ಬಂದೆವು ಎಂದು ನಾನು ಶೂ ಲೇಸು ಬಿಗಿಯುತ್ತಿದ್ದೆ. ಮಾವ ಗಡಿಯಾರ ನೋಡಿ ಕುರ್ಚಿ ಬಿಡಿಸಿ ಕೂತರು. ಅವರ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಹೊಸ ಜಾಗಕ್ಕೆ ಕಾಲಿಡುವ ಹಾಗಿಲ್ಲ. ಅವರ ಆರು ಎಂದರೆ ಇಲ್ಲಿನ ಮೂರೂವರೆ. ಬಾಗಿಲು ಮುಚ್ಚಿ ಅರ್ಧ ಗಂಟೆಯಾಗಿರುತ್ತದೆ.

ನನಗೆ ಅಳುವುದೊಂದು ಬಾಕಿ. ರಾಹುಕಾಲ ಆಯಾ ಊರಿನ ಸೂರ್ಯನ ಲೆಕ್ಕ, ಇಲ್ಲಿ ನಾಲ್ಕೂವರೆಗೆ ಇನ್ನೂ ಎರಡು ಗಂಟೆಯ ಮೇಲಿದೆ ಎಂದು ಮಾವನನ್ನು ಬೇಡಿಕೊಂಡೆ. ಅವರು ಜಗ್ಗಲಿಲ್ಲ. ಕೊನೆಗೆ ನನ್ನ ಮಗಳು ಆಕಾಶಕ್ಕೆ ಬೆರಳು ತೋರಿಸಿ, "ತಾತ, ಬಟ್ ದ ಸನ್ ಈಸ್ ಹಿಯರ್" ಎಂದಳು. ಮಾವ ತಲೆಯೆತ್ತಿ ನೋಡಿದರು. ಮೊಮ್ಮಗಳು ಹೇಳಿದ್ದು ಸರಿ ಎಂದು ಒಪ್ಪಿ, ಮೊದಲ ಬಾರಿಗೆ ಮುಳ್ಳು ಹಿಂದಕ್ಕೆ ತಿರುಗಿಸಿ ಎದ್ದರು.

ಎರಡು ಗಂಟೆ ನಡೆದೆವು. ಎರಡೂ ಕಡೆ ಕೆಂಪು ಗೋಡೆ, ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಎಂಟು ವರ್ಷ ಕಾದದ್ದು ಸಾರ್ಥಕ ಎನ್ನಿಸಿ ಎಲ್ಲರನ್ನೂ ಮನಸ್ಸಿನಲ್ಲೇ ಕ್ಷಮಿಸಿಬಿಟ್ಟೆ. ಹೊರಗೆ ಬಂದೆವು. ಗೈಡ್ ವ್ಯಾನು ಶುರು ಮಾಡಿದ. ಮಾವ ಗಡಿಯಾರ ನೋಡಿ ಮತ್ತೆ ಕುರ್ಚಿ ಬಿಡಿಸಿದರು. ನಾಲ್ಕೂವರೆ ದಾಟಿ ಎರಡು ನಿಮಿಷವಾಗಿತ್ತು. ಇಲ್ಲಿನ ರಾಹುಕಾಲ ಈಗ ಶುರು, ಆರರವರೆಗೆ ಹೊರಡುವ ಹಾಗಿಲ್ಲ ಎಂದರು.

ನಾನು ಹಲ್ಲು ಕಚ್ಚಿಕೊಂಡು, ಮೈಸೂರಿನಲ್ಲಿ ಆಗಲೇ ಏಳು ಗಂಟೆ, ಅಲ್ಲಿನ ರಾಹುಕಾಲ ಮುಗಿದು ಒಂದು ಗಂಟೆಯಾಯಿತು, ಆ ಲೆಕ್ಕದಲ್ಲೇ ಹೊರಡೋಣ ಎಂದೆ.

ಮಾವ ಕುರ್ಚಿಯಲ್ಲಿ ಸರಿಯಾಗಿ ಕೂತುಕೊಂಡು, "ಹೊರಡಬಹುದಿತ್ತು ಅಳಿಯಂದ್ರೇ," ಎಂದರು. "ನೀವೆಲ್ಲ ಸೇರಿ ನನ್ನ ಕೈಲಿ ಗಡಿಯಾರ ತಿರುಗಿಸಿಬಿಟ್ರಲ್ಲ."